‘ಯೇಸು ನನ್ನ ಒಡೆಯ’ ಅಂದ ಮೇಲೆ ಸೋಮವಾರ ಏನು ಬದಲಾಗಬೇಕು?

ಬೆಟಗೇರಿ ಬಣ್ಣದಂಗಡಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ವಂದನೆ. ನಮ್ಮ ಸಭೆಯಲ್ಲಿ ಪ್ರತಿ ವರ್ಷ ಉಜ್ಜೀವನ ಕೂಟ ನಡೆಯುತ್ತದೆ. ಕೊನೆಯ ರಾತ್ರಿ ಪ್ರಸಂಗಿಗಳು ಎಲ್ಲರಿಗೂ ಕಣ್ಣು ಮುಚ್ಚಲು ಹೇಳುತ್ತಾರೆ. ಕೀಬೋರ್ಡ್ ಮೆಲ್ಲಗೆ ಶುರುವಾಗುತ್ತದೆ. ‘ಈ ರಾತ್ರಿ ಯೇಸುವನ್ನು ನಿನ್ನ ಜೀವಿತದ ಒಡೆಯನಾಗಿ ಒಪ್ಪಿಕೊಳ್ಳುವವರು ಕೈ ಎತ್ತಿರಿ’ ಅನ್ನುತ್ತಾರೆ. ಕೈ ಎತ್ತುವವರು ಹೆಚ್ಚುಕಮ್ಮಿ ಹೋದ ವರ್ಷದವರೇ. ಅವರಲ್ಲಿ ಕೆಲವರು ಮುಂದಿನ ತಿಂಗಳ ಕಮಿಟಿ ಎಲೆಕ್ಷನ್‌ನಲ್ಲಿ ಹೇಗೆ ಮತ ಕೇಳಿದರು ಅನ್ನುವುದು ಬೇಡ ಬಿಡಿ, ಊರಿನವರೂ ಓದುತ್ತಿರುತ್ತಾರೆ.

ನನ್ನ ಪ್ರಶ್ನೆ ಅವರ ಬಗ್ಗೆ ಅಲ್ಲ. ನಾನು ಮೂರನೇ ತಲೆಮಾರಿನ ಕ್ರೈಸ್ತ. ಮಗುವಿದ್ದಾಗಲೇ ದೀಕ್ಷಾಸ್ನಾನ ಆಯಿತು, ಹೈಸ್ಕೂಲ್ ಮುಗಿಯುವಾಗ ದೃಢೀಕರಣ, ಅಂದರೆ ನಂಬಿಕೆಯನ್ನು ನಾನೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ. ಯೇಸು ರಕ್ಷಕ ಅನ್ನುವುದರಲ್ಲಿ ಸಂಶಯ ಇಲ್ಲ. ರಕ್ಷಕ ಕೊಡುವವನು, ಒಪ್ಪಿಕೊಳ್ಳುವುದು ಕಷ್ಟವೇನಲ್ಲ. ಒಡೆಯ ಅಂದರೆ ನಮ್ಮಿಂದ ಏನಾದರೂ ಕೇಳುವವನು. ಏನು ಕೇಳುತ್ತಾನೆ ಅಂತ ಯಾವ ಪ್ರಸಂಗದಲ್ಲೂ ಬಿಡಿಸಿ ಹೇಳುವುದಿಲ್ಲ.

ನನ್ನ ಅಂಗಡಿಯ ಮಾತನ್ನೇ ಹೇಳುತ್ತೇನೆ. ಪೇಂಟರ್ ಮನೆ ಯಜಮಾನರನ್ನು ಕರೆದುಕೊಂಡು ಬರುತ್ತಾನೆ. 20 ಲೀಟರ್ ಸಾಕಾಗುವ ಗೋಡೆಗೆ 30 ಲೀಟರ್ ಬರೆಸುತ್ತಾನೆ. ಡಬ್ಬದೊಳಗೆ ಕಂಪನಿ ಇಡುವ ಇನಾಮಿನ ಟೋಕನ್ ಅವನಿಗೆ, ವ್ಯಾಪಾರ ನನಗೆ, ದುಡ್ಡು ಮಾತ್ರ ಯಜಮಾನರದು. ನಾನು ಸುಳ್ಳು ಹೇಳಿರುವುದಿಲ್ಲ, ಸುಮ್ನೆ ಇರುತ್ತೇನೆ ಅಷ್ಟೇ. ಆಮೇಲೆ ಅವರೇ ಹೇಳುತ್ತಾರೆ, ‘ಬಿಲ್ಲು ಬೇಡ, ಕಚ್ಚಾ ಚೀಟಿ ಕೊಡ್ರಿ, 18 ಪರ್ಸೆಂಟ್ ಜಿಎಸ್‌ಟಿ ಉಳೀತದ.’ ಕೊಡದಿದ್ದರೆ ಎದುರಿನ ಅಂಗಡಿ ಇದೆ. ಲೂಕ 6:46ರಲ್ಲಿ ಯೇಸು ಕೇಳುವ ಪ್ರಶ್ನೆ ಇದೆಯಲ್ಲ, ನನ್ನನ್ನು ಕರ್ತನೇ ಕರ್ತನೇ ಅನ್ನುತ್ತೀರಿ, ನಾನು ಹೇಳಿದ್ದನ್ನು ಯಾಕೆ ಮಾಡುವುದಿಲ್ಲ ಅಂತ. ಅದು ಅಂಗಡಿ ಗಲ್ಲೆಯ ಮೇಲೆ ಕೂತಾಗ ಜಾಸ್ತಿ ಕೇಳಿಸುತ್ತದೆ. ಅನುಭವ ಇದ್ದವರು ಬರೆಯಿರಿ. ಪ್ರಸಂಗ ಬೇಡ.

ಹೆಬ್ಬಾಳದ ಹಲ್ಲೆಲೂಯ

ಬ್ರದರ್, ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ರೋಮಾಪುರದವರಿಗೆ ಬರೆದ ಪತ್ರ 10:9 ನೋಡಿ. ಯೇಸುವೇ ಕರ್ತನು ಅಂತ ಬಾಯಿಂದ ಅರಿಕೆ ಮಾಡಬೇಕು, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನು ಅಂತ ಹೃದಯದಲ್ಲಿ ನಂಬಬೇಕು. ರಕ್ಷಣೆ ಅಷ್ಟೇ. ಕ್ರಿಯೆಗಳಿಂದ ಅಲ್ಲ. ಉಳಿದದ್ದನ್ನು ಪವಿತ್ರಾತ್ಮನು ನೋಡಿಕೊಳ್ಳುತ್ತಾನೆ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಬೆಟಗೇರಿ ಬಣ್ಣದಂಗಡಿ

ಪ್ರಾರ್ಥಿಸಿ ಬ್ರದರ್, ಬೇಕು. ಆದರೆ ಆ ಮೂವತ್ತು ಲೀಟರ್ ಪವಿತ್ರಾತ್ಮನು ಬರೆಸಿದ್ದಲ್ಲ, ನನ್ನೆದುರಿಗೆ ಪೇಂಟರ್ ಬರೆಸಿದ್ದು. ಬಾಯಿ ತೆರೆಯಬೇಕಾದವನು ನಾನೇ ಅಲ್ವಾ?

ನೈಟ್ ಡ್ಯೂಟಿ ಭದ್ರಾವತಿ

ಅಣ್ಣಾ, ನಾನು ನರ್ಸ್. ಊರು ಭದ್ರಾವತಿ, ಈಗ ಮಸ್ಕತ್‌ನಲ್ಲಿದ್ದೇನೆ. ಇಲ್ಲಿಗೆ ಬರುವ ಮುಂಚೆ ಕೆಲಸ ಮಾಡಿದ ಕಡೆ ಒಂದು ರೂಢಿ ಇತ್ತು, ಆಸ್ಪತ್ರೆಯ ಹೆಸರು ಬೇಡ. ರಾತ್ರಿ 2 ಗಂಟೆಯ ರೌಂಡ್‌ನಲ್ಲಿ ಬಿಪಿ ನೋಡದೆ ಚಾರ್ಟ್‌ನಲ್ಲಿ 120/80 ಬರೆಯುವುದು. ಪೇಷೆಂಟ್ ಮಲಗಿದ್ದಾರೆ, ಎಬ್ಬಿಸಿದರೆ ಬೈತಾರೆ, ಒಬ್ಬಳಿಗೇ ಇಡೀ ವಾರ್ಡ್. ಹಿಂದಿನ ಸಲದ್ದು 118/80, ಈ ಸಲ 120/80. ಬೆಳಿಗ್ಗೆ ಡಾಕ್ಟರ್ ಚಾರ್ಟ್ ನೋಡಿ ‘ಸ್ಟೇಬಲ್’ ಅಂತ ಸಹಿ ಹಾಕಿ ಹೋಗುತ್ತಾರೆ.

ಯಾರೂ ನೋಡದ ಹೊತ್ತಿನಲ್ಲಿ ಪಟ್ಟಿ ಕಟ್ಟಿ, ಗಾಳಿ ತುಂಬಿ, ಕಾದು, ಇದ್ದದ್ದನ್ನು ಬರೆಯುವುದು. ನನ್ನ ಒಡೆಯ ಯಾರು ಅನ್ನುವುದು ನನಗೆ ಅಲ್ಲೇ ಗೊತ್ತಾಗುವುದು. ಮೇಟ್ರನ್‌ಗೆ ಹೆದರಿ ಮಾಡುವವಳಾದರೆ ಮೇಟ್ರನ್ ರಜೆ ಇದ್ದಾಗ ಬಿಡುತ್ತೇನೆ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ಇದನ್ನೇ ಹೇಳುತ್ತಾನೆ, ಮನುಷ್ಯರ ಕಣ್ಣಿಗೆ ಕಾಣಲಿ ಅಂತ ಕೆಲಸ ಮಾಡಬೇಡಿ, ಕರ್ತನಿಗೆ ಅಂತ ಮಾಡಿ ಅಂತ. ನಾನು ದೊಡ್ಡ ಭಕ್ತೆ ಅಲ್ಲ. ಭಾನುವಾರ ಎಷ್ಟೋ ಸಲ ಡ್ಯೂಟಿ, ಆರಾಧನೆ ತಪ್ಪುತ್ತದೆ.

ರಾಣೆಬೆನ್ನೂರಿನ ಓದುಗ

ನಾನು ಕ್ರೈಸ್ತ ಅಲ್ಲ, ಲಿಂಗಾಯತ ಮನೆಯವನು. ಗೆಳೆಯರ ಕಾರಣಕ್ಕೆ ಇಲ್ಲಿ ಓದುತ್ತಿರುತ್ತೇನೆ. ನರ್ಸ್ ಅಕ್ಕ ಬರೆದದ್ದು ಮನಸ್ಸಿಗೆ ಹಿಡಿಸಿತು. ಆದರೆ ಒಂದು ಮಾತು ಕೇಳಲೇಬೇಕು, ಸಿಟ್ಟಾಗಬೇಡಿ.

ಒಡೆಯ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅವನ ಪರವಾಗಿ ಮಾತಾಡುವವರು ಹುಟ್ಟಿಕೊಳ್ಳುತ್ತಾರೆ. ‘ಕರ್ತನು ನನಗೆ ಹೇಳಿದನು, ನೀನು ಈ ಹುಡುಗನನ್ನೇ ಮದುವೆಯಾಗು’ ಅಂತ ನನ್ನ ಸಹೋದ್ಯೋಗಿಯೊಬ್ಬಳಿಗೆ ಅವಳ ಪಾಸ್ಟರ್ ಹೇಳಿದ್ದರು. ಅವಳು ಕರ್ತನ ಮಾತು ಅಂತ ಹೂಂ ಅಂದಳು. ಈಗ ತವರಲ್ಲಿದ್ದಾಳೆ. ಒಡೆತನ ಒಪ್ಪಿಕೊಂಡವರನ್ನು ಇಂಥವರ ಕೈಯಿಂದ ಯಾರು ಕಾಯುತ್ತಾರೆ? ನಮ್ಮ ಮಠಗಳಲ್ಲಿ ಇದಿಲ್ಲ ಅಂತ ನಾನು ಹೇಳುತ್ತಿಲ್ಲ.

ಬಲ್ಮಠದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಉತ್ತರಕ್ಕಿಂತ ಮುಂಚೆ ನಮ್ಮ ಕಡೆಯ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, ಉದ್ದ ಆದರೆ ಕ್ಷಮಿಸಿ.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡ. ಮಿಷನ್ ಶಾಲೆಯ ವಿದ್ಯಾರ್ಥಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರು ಅಲ್ಲೋಲಕಲ್ಲೋಲವಾಯಿತು. ಮನೆಯವರಿಗೆ ಅವನು ಸತ್ತಂತೆಯೇ. ಕೈಹಿಡಿದ ಹೆಂಡತಿ ಅವನ ಜೊತೆ ಬರಲಿಲ್ಲ. ಆಮೇಲೆ ಬಾಸೆಲ್‌ಗೆ ಹೋಗಿ ಓದಿ ಬಂದು ಇಲ್ಲೇ ಬೋಧಕರಾಗಿ ದುಡಿದರು. ‘ಕ್ರಿಸ್ತನು ನನ್ನ ಒಡೆಯ’ ಅನ್ನುವುದಕ್ಕೆ ಅಂದಿನ ಬೆಲೆ ಅದು. ಕೀಬೋರ್ಡ್ ಇರಲಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಜಾತಿಯಿಂದ ಹೊರಗೆ ಬಿದ್ದವರಿಗೆ ಕಸುಬೂ ಇಲ್ಲ, ಜಮೀನೂ ಇಲ್ಲ. ಅವರಿಗಾಗಿ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಸಭೆಗೂ ಮಿಷನ್‌ನವರೇ ಹಿರಿಯರು, ಮಗ್ಗಕ್ಕೂ ಭಟ್ಟಿಗೂ ಅವರೇ ಯಜಮಾನರು. ಭಾನುವಾರ ಆರಾಧನೆಗೆ ಬಾರದಿದ್ದರೆ ಸೋಮವಾರ ಕೇಳುವವರೂ ಅವರೇ ಅಂದ ಮೇಲೆ ಕೂಲಿಯವನು ಯಾವ ಒಡೆಯನಿಗೆ ನಡೆದುಕೊಳ್ಳುತ್ತಿದ್ದ? ಅವನಿಗೇ ತಿಳಿದಿತ್ತೋ ಇಲ್ಲವೋ. ಮೊದಲ ಮಹಾಯುದ್ಧ ಬಂತು, ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಕಾರ್ಖಾನೆಗಳು ಬೇರೆ ಕಂಪನಿಯ ಕೈಗೆ ಹೋದವು. ಯಜಮಾನರು ಹೋದರು, ಸಭೆಗಳು ಉಳಿದವು. ಉಳಿದವು ಅನ್ನುವುದು ನನಗೆ ದೊಡ್ಡ ಸಾಕ್ಷಿ.

ಕುಲಶೇಖರ ಕೊಂಕಣಿ

ಮೇಷ್ಟ್ರೇ ನಮಸ್ಕಾರ. ಕಥೋಲಿಕರ ಕಡೆಯಿಂದ ನಾನೂ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಕ್ರಿಸ್ತರಾಜನ ಹಬ್ಬ ಅಂತಲೇ ಇದೆ. ಅದೇನು ಹಳೆಯದಲ್ಲ. ಪೋಪ್ ಹನ್ನೊಂದನೆಯ ಪಯಸ್ 1925ರಲ್ಲಿ ಸ್ಥಾಪಿಸಿದ್ದು. ಮೊದಲು ಅಕ್ಟೋಬರ್ ಕೊನೆಯ ಭಾನುವಾರ ಇತ್ತು, ಈಗ ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲಕ್ಕೆ ಮುಂಚಿನ ಭಾನುವಾರ. ಕಾಲ ಗಮನಿಸಿ. ಇಟಲಿಯಲ್ಲಿ ಮುಸೊಲಿನಿ ಗಟ್ಟಿಯಾಗುತ್ತಿದ್ದ. ನಾಡು, ಪಕ್ಷ, ನಾಯಕ ಇವೇ ಎಲ್ಲ ಅನ್ನುತ್ತಿದ್ದ ಹೊತ್ತಿನಲ್ಲಿ ಬಂದ ಹಬ್ಬ ಅದು.

ಎರಡು ವರ್ಷದ ಮೇಲೆ ಮೆಕ್ಸಿಕೊದಲ್ಲಿ ಚರ್ಚಿನ ಮೇಲೆ ಸರಕಾರದ ಹಿಂಸೆ ಜೋರಾಗಿದ್ದಾಗ ಮಿಗೆಲ್ ಪ್ರೊ ಅನ್ನುವ ಯೇಸುಸಭೆಯ (ಜೆಸುಯಿಟ್) ಪಾದ್ರಿಯನ್ನು ಗುಂಡಿಕ್ಕಿ ಕೊಂದರು. ಸಾಯುವ ಮುಂಚೆ ಪ್ರೊ ಕೈ ಚಾಚಿ ನಿಂತು ‘ಕ್ರಿಸ್ತರಾಜನಿಗೆ ಜಯವಾಗಲಿ’ ಅಂದರು. ಸರಕಾರ ಫೋಟೊ ತೆಗೆಸಿತ್ತು, ಜನ ಹೆದರಲಿ ಅಂತ. ಹೆದರುವ ಬದಲು ಜನ ಆ ಫೋಟೊವನ್ನೇ ಇಟ್ಟುಕೊಂಡು ಪ್ರಾರ್ಥಿಸಿದರು.

ನಮ್ಮಲ್ಲಿ ಕೈ ಎತ್ತುವ ರೂಢಿ ಇಲ್ಲ. ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ, ದೀಕ್ಷಾಸ್ನಾನದ ಮಾತುಗಳನ್ನು ಎಲ್ಲರೂ ಸೇರಿ ಮತ್ತೆ ಹೇಳುತ್ತೇವೆ. ಅದೂ ಪ್ರತಿ ವರ್ಷವೇ. ಹಾಗಾಗಿ ಅದೇ ಜನ ಮತ್ತೆ ಮತ್ತೆ ಕೈ ಎತ್ತುವುದನ್ನು ನೋಡಿ ನಗಬೇಡಿ. ಒಂದೇ ಸಲಕ್ಕೆ ಮುಗಿಯುವ ಮಾತಲ್ಲ ಅದು.

ಪುಣೆ ಕನ್ನಡತಿ

ರಾಣೆಬೆನ್ನೂರಿನವರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡಲು ನೋಡುತ್ತೇನೆ, ಪಂಡಿತಾ ರಮಾಬಾಯಿಯವರ ಕಥೆಯಿಂದ.

ಅವರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸುತ್ತೇನೆ ಅಂದದ್ದಕ್ಕೆ ಜನರ ಮಾತು ಕೇಳಬೇಕಾಯಿತು, ಕಾಡಿನ ನಡುವೆ ಮನೆ ಮಾಡಿದರು. ಅಪ್ಪ ಅಮ್ಮ ಬರಗಾಲದಲ್ಲಿ ತೀರಿಕೊಂಡರು. ಮುಂದೆ ಮದುವೆ, ಒಂದು ಹೆಣ್ಣುಮಗು, ಬೇಗನೆ ಗಂಡನ ಸಾವು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಆಮೇಲಿನದ್ದು ಕೇಳಿ. ಚೆಲ್ಟೆನ್‌ಹ್ಯಾಮ್‌ನ ಕಾಲೇಜಿನಲ್ಲಿದ್ದಾಗ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಬಿಷಪ್‌ಗಳಿಂದ ಆಕ್ಷೇಪ ಬಂತು, ಹಿಂದೂ ಸಮಾಜಕ್ಕೆ ಇದು ಸರಿ ಕಾಣುವುದಿಲ್ಲ ಅಂತ. ಯಾರ ಕಟ್ಟಳೆ ಬಿಟ್ಟು ಬಂದರೋ ಅದೇ ಕಟ್ಟಳೆಯನ್ನು ಬಿಷಪ್‌ಗಳು ನೆನಪಿಸಿದರು! ರಮಾಬಾಯಿ ತಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಖಾರವಾಗಿಯೇ ಪತ್ರ ಬರೆದರು. ಪುರೋಹಿತರ ನೊಗದಿಂದ ಈಗಷ್ಟೇ ಬಿಡಿಸಿಕೊಂಡಿದ್ದೇನೆ, ಪಾದ್ರಿಗಳಿಂದ ಬಂದದ್ದೆಲ್ಲ ದೇವರ ಅಪ್ಪಣೆ ಅಂತ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲಾರೆ ಅನ್ನುವುದು ಅದರ ಸಾರ. ಆ ಪತ್ರಗಳು ಅಚ್ಚಾಗಿವೆ, ಈಗಲೂ ಓದಬಹುದು.

ಹಾಗಾದರೆ ಅವರಿಗೆ ಒಡೆಯ ಇರಲಿಲ್ಲವಾ? ಇದ್ದ. ಆದರೆ ದೀಕ್ಷಾಸ್ನಾನದ ದಿನವೇ ಸಿಕ್ಕಿದ ಅಂತ ಅವರೂ ಹೇಳಲಿಲ್ಲ. ಎಂಟು ವರ್ಷದ ಮೇಲೆ ತಿಳಿಯಿತು, ಅಲ್ಲಿಯವರೆಗೆ ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನೇ ಸಿಕ್ಕಿರಲಿಲ್ಲ ಅಂತ 1907ರ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. 1896ರ ಬರಗಾಲದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರನ್ನು ಸಾಕಿದರು. ಬಾವಿ ತೋಡಿಸಿದರು, ಅಚ್ಚುಕೂಟ ನಡೆಸಿದರು. ಕ್ರಿಸ್ತನ ಮಾತು ಜಾಸ್ತಿ ಕೇಳಿದಷ್ಟೂ ಅವರು ಮನುಷ್ಯರ ಮಾತಿಗೆ ತಲೆಯಾಡಿಸುವುದು ಕಡಿಮೆಯಾಯಿತು. ‘ಕರ್ತನು ಹೇಳಿದನು’ ಅನ್ನುವ ಪಾಸ್ಟರ್‌ಗೆ ನಿಮ್ಮ ಸಹೋದ್ಯೋಗಿ ಕೇಳಬಹುದಿತ್ತು, ‘ಆತನು ನನಗೂ ಒಡೆಯನೇ, ನನಗೇ ಹೇಳಬಹುದಿತ್ತಲ್ಲ?’

ನಿರ್ವಾಹಕರು

ಎರಡು ಉತ್ತರ ತೆಗೆದಿದ್ದೇವೆ. ಮಗುವಿಗೆ ದೀಕ್ಷಾಸ್ನಾನ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಆಡಿ.

ಔರಾದ್‌ನ ಮೊಮ್ಮಗ

ನಾನು ಬೀದರ್ ಜಿಲ್ಲೆಯವನು, ಮೆಥೊಡಿಸ್ಟ್ ಸಭೆ. ದಲಿತರು. ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯೋಣ ಅನ್ನಿಸಿತು.

ನೀವೆಲ್ಲ ಒಡೆಯನನ್ನು ಹೊಸದಾಗಿ ತಂದುಕೊಳ್ಳುವ ಮಾತಾಡುತ್ತಿದ್ದೀರಿ. ನಮ್ಮ ಅಜ್ಜನಿಗೆ ಒಡೆಯ ಮೊದಲೇ ಇದ್ದ. ಊರ ಧಣಿ. ಅಜ್ಜನ ಅಪ್ಪ ತಂದ ಸಾಲಕ್ಕೆ ಅಜ್ಜ ಜೀತ. ಕಾನೂನಿನಲ್ಲಿ ಜೀತ ಹೋದದ್ದು 1976ರಲ್ಲಿ, ನಮ್ಮೂರಿಗೆ ಕಾನೂನು ನಿಧಾನಕ್ಕೆ ಬಂತು. ಧಣಿ ವಾಡೆಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ. ಚಾ ಕುಡಿಯಲು ಹಿಡಿಕೆ ಮುರಿದ ಕಪ್ಪು, ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದರು. ಕುಡಿದು ತೊಳೆದು ಅಲ್ಲೇ ಬೋರಲು ಹಾಕಬೇಕು.

ಅಜ್ಜ ಯೇಸುವನ್ನು ನಂಬಿದಾಗ ಧಣಿ ಮೊದಲು ನಕ್ಕನಂತೆ. ಪೂಜೆ ಯಾರಿಗಾದರೂ ಮಾಡಿಕೋ, ನನಗೇನು ಅಂದ. ಆಮೇಲೆ ಒಂದು ಭಾನುವಾರ ರಾಶಿ ಇತ್ತು, ಬಾ ಅಂತ ಹೇಳಿ ಕಳಿಸಿದ. ಅಜ್ಜ ಪ್ರಾರ್ಥನೆ ಮುಗಿಸಿ ಬರುತ್ತೇನೆ ಅಂದರು. ಅಷ್ಟೇ ಅಂದದ್ದು. ಬರುವುದಿಲ್ಲ ಅನ್ನಲಿಲ್ಲ. ಅವತ್ತು ಧಣಿಗೆ ಅರ್ಥವಾಯಿತು, ತನಗಿಂತ ಮುಂಚೆ ಇನ್ನೊಬ್ಬನ ಅಪ್ಪಣೆ ಕೇಳುವ ಮನುಷ್ಯ ತನ್ನ ಆಳಲ್ಲ ಅಂತ. ಹೊಡೆಸಿದ. ಅಜ್ಜನಿಗೆ ಬಲಗೈ ಪೂರ್ತಿ ಎತ್ತಲು ಕೊನೆಯವರೆಗೂ ಆಗುತ್ತಿರಲಿಲ್ಲ.

ರಾಣೆಬೆನ್ನೂರಿನ ಅಣ್ಣ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಡೆಯನೇ ಇಲ್ಲದ ಬದುಕು ಅನ್ನುವುದು ನಮ್ಮ ಕೇರಿಗೆ ಯಾರೂ ತಂದು ಕೊಟ್ಟಿರಲಿಲ್ಲ. ಎದುರಿಗೆ ಇದ್ದದ್ದು ಈ ಒಡೆಯನೋ ಆ ಒಡೆಯನೋ ಅನ್ನುವುದು. ಆ ಒಡೆಯ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದವನು. ಯೋಹಾನ 13. ನಮ್ಮ ಧಣಿ ನಮ್ಮ ನೆರಳನ್ನೂ ಮುಟ್ಟುತ್ತಿರಲಿಲ್ಲ.

ಸೆಮಿನರಿ ಹುಡುಗ

ಔರಾದ್ ಅಣ್ಣಾ, ಪರೀಕ್ಷೆಗೆ ಓದುತ್ತಿದ್ದದ್ದು ಈಗ ಅರ್ಥವಾಯಿತು. ಹಿಟ್ಲರ್ ಬಂದ ಮರುವರ್ಷ, 1934ರ ಮೇ ತಿಂಗಳು, ಜರ್ಮನಿಯ ಬಾರ್ಮೆನ್‌ನಲ್ಲಿ ಸಭೆಗಳ ಪ್ರತಿನಿಧಿಗಳು ಸೇರಿ ಒಂದು ಘೋಷಣೆ ಮಾಡಿದರು. ಹೆಚ್ಚಿನ ಭಾಗ ಬರೆದವರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ನಮ್ಮ ಬದುಕಿನಲ್ಲಿ ಕ್ರಿಸ್ತನಿಗಲ್ಲದೆ ಬೇರೆ ಒಡೆಯರಿಗೆ ಸೇರಿದ ಜಾಗಗಳಿವೆ ಅನ್ನುವ ಬೋಧನೆಯನ್ನು ತಳ್ಳಿಹಾಕುತ್ತೇವೆ ಅಂತ ಅದರಲ್ಲಿದೆ. ಹಿಟ್ಲರ್‌ಗೆ ಷರತ್ತಿಲ್ಲದ ಪ್ರಮಾಣ ಮಾಡಲು ಒಪ್ಪದ ಬಾರ್ತ್ ಬಾನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಅದೇ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನೂ ಹೇಳಬೇಕು. ಚರ್ಚಿಗೆ ಒಡೆಯ ಯಾರು ಅಂತ ಸರಿಯಾಗಿ ಹೇಳಿದವರು ಪಕ್ಕದ ಮನೆಯವರನ್ನು ಎಳೆದೊಯ್ಯುವ ಬಗ್ಗೆ ಅಲ್ಲಿ ಬಾಯಿ ಬಿಡಲಿಲ್ಲ.

ಹೆಬ್ಬಾಳದ ಹಲ್ಲೆಲೂಯ

ಔರಾದ್ ಬ್ರದರ್, ನಿಮ್ಮ ಅಜ್ಜನ ಸಾಕ್ಷಿಗಾಗಿ ಸ್ತೋತ್ರ. ಒಂದು ಮಾತು ಪ್ರೀತಿಯಿಂದ ಕೇಳುತ್ತೇನೆ. ಬಾಯಿಂದ ಅರಿಕೆ ಅಂದ ಮೇಲೆ ಎಲ್ಲ ಕಡೆಯೂ ಅರಿಕೆ ಅಲ್ವಾ? ಸಭೆಯಲ್ಲಿ ಒಂದು ಹೆಸರು, ಜಾತಿ ಸರ್ಟಿಫಿಕೇಟ್‌ನಲ್ಲಿ ಹಿಂದೂ. ಇದು ಸರಿಯಾ?

ಔರಾದ್‌ನ ಮೊಮ್ಮಗ

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಪ್ರತಿ ಸಲ ಬರುತ್ತದೆ. ಅದೂ ಆ ಸರ್ಟಿಫಿಕೇಟ್ ಎಂದೂ ಬೇಕಾಗದವರ ಕಡೆಯಿಂದ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರೂ ಮುಸ್ಲಿಮರೂ ಹೊರಗೇ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರಿಗೆ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1 ಇದೆ. ಆದರೆ ಪ್ರವರ್ಗ 1 ಅಂದರೆ ಕೇಂದ್ರದ ಎಸ್‌ಸಿ ಸೀಟಿಲ್ಲ, ಪಂಚಾಯ್ತಿಯ ಎಸ್‌ಸಿ ಮೀಸಲು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ, ಹೊಡೆದರೆ ದೌರ್ಜನ್ಯ ತಡೆ ಕಾಯ್ದೆ ನಮಗಲ್ಲ. ಹೊಡೆಯುವವನು ಮಾತ್ರ ಸರ್ಟಿಫಿಕೇಟ್ ನೋಡಿ ಹೊಡೆಯುವುದಿಲ್ಲ. ಅಜ್ಜನಿಗೆ ಹೊಡೆದದ್ದು ಯೇಸುವಿನ ಕಾರಣಕ್ಕೂ ಹೌದು, ಜಾತಿಯ ಕಾರಣಕ್ಕೂ ಹೌದು. ಎರಡರಲ್ಲಿ ಒಂದನ್ನು ಬರೆ ಅಂತ ಸರಕಾರ ಹೇಳುತ್ತದೆ.

ನಾನು ಮಗಳಿಗೆ ಪ್ರವರ್ಗ 1 ಮಾಡಿಸಿದೆ. ಅವಳೇ ಹಟ ಹಿಡಿದಳು. ನನ್ನ ತಮ್ಮ ಎಸ್‌ಸಿ ಇಟ್ಟುಕೊಂಡಿದ್ದಾನೆ, ಅವನ ಮಗ ಅದರಿಂದ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕರ್ತನ ಭೋಜನ ತೆಗೆದುಕೊಳ್ಳುತ್ತೇವೆ. ಅವನ ನಂಬಿಕೆ ಕಡಿಮೆ ಅನ್ನಲು ನನ್ನ ಬಾಯಿ ಬರುವುದಿಲ್ಲ. ನನ್ನದೇ ಸರಿ ಅಂತಲೂ ಹೇಳಲಾರೆ. ನನಗೆ ಸರಕಾರಿ ಕೆಲಸ ಸಿಕ್ಕಿದೆ, ಹಾಗಾಗಿ ಧೈರ್ಯ ಬಂತು. ಹೆಬ್ಬಾಳದ ಬ್ರದರ್, ನಿಮ್ಮ ಸಭೆಯಲ್ಲಿ ಮದುವೆ ಮಾತುಕತೆಗೆ ಮುಂಚೆ ‘ಮೂಲ ಯಾವುದು’ ಅಂತ ಕೇಳುತ್ತಾರಾ, ಇಲ್ಲವಾ? ಮೊದಲು ಅದಕ್ಕೆ ಉತ್ತರ ಕೊಡಿ.

ಹೆಬ್ಬಾಳದ ಹಲ್ಲೆಲೂಯ

ಕೇಳುತ್ತಾರೆ, ಬ್ರದರ್.

ರಾಣೆಬೆನ್ನೂರಿನ ಓದುಗ

ಇದಕ್ಕೆ ನಾನೇನೂ ಸೇರಿಸುವುದಿಲ್ಲ. ಬೇರೆ ಮಾತು. ನಾನು ನಿಮ್ಮ ಕಡೆಯವರನ್ನು ಮೊದಲು ಗೌರವಿಸಿದ್ದು ಉತ್ತಂಗಿ ಚನ್ನಪ್ಪನವರ ಕಾರಣಕ್ಕೆ. ಬಾಸೆಲ್ ಮಿಷನ್ ಸಭೆಯ ಬೋಧಕರು, ತಿರುಳ್ಗನ್ನಡದ ತಿರುಕ ಅಂತ ಕರೆಸಿಕೊಂಡವರು. ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಶರಣರ ಅನುಭವ ಮಂಟಪದ ಬಗ್ಗೆಯೂ ಬರೆದರು. ಕ್ರಿಸ್ತನನ್ನು ಒಪ್ಪಿದ ಮನುಷ್ಯ ಸರ್ವಜ್ಞನನ್ನು ಅಷ್ಟು ಪ್ರೀತಿಯಿಂದ ಹೊತ್ತು ತಿರುಗಿದ. ಆತನ ಒಡೆಯ ಹೊಟ್ಟೆಕಿಚ್ಚಿನವನಾಗಿರಲಿಲ್ಲ ಅನ್ನಿಸುತ್ತದೆ.

ಬಲ್ಮಠದ ಮೇಷ್ಟ್ರು

ಸಭೆಯವರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ಉತ್ತಂಗಿಯವರು ಬಿಡಲಿಲ್ಲ.

ಬೆಟಗೇರಿ ಬಣ್ಣದಂಗಡಿ

ನಾನು ಕೇಳಿದ್ದು 18 ಪರ್ಸೆಂಟ್ ಬಗ್ಗೆ, ಚರ್ಚೆ ಎಲ್ಲಿಗೆ ಬಂತು ನೋಡಿ. ಔರಾದ್ ಅಣ್ಣ, ನಿಮ್ಮ ಅಜ್ಜನ ಮಾತು ಓದಿದ ಮೇಲೆ ನನ್ನ ಪ್ರಶ್ನೆ ತಿರುಗಿ ನಿಂತಿದೆ. ಈಗ ನಾನು ಯಾರ ಅಪ್ಪಣೆ ಮೊದಲು ಕೇಳುತ್ತಿದ್ದೇನೆ? ಪೇಂಟರ್‌ದು. ಅವನು ಮುನಿಸಿಕೊಂಡರೆ ನಾಲ್ಕು ಮನೆಯ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಯದು.

ಬೈಬಲಿನ ಸುಂಕದವನು ಜಕ್ಕಾಯನ ಹಾಗೆ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವ ಶಕ್ತಿ ನನಗಿಲ್ಲ. ಗೋಡೆಯ ಅಳತೆ ಹಾಕಿ ಎಷ್ಟು ಲೀಟರ್ ಬೇಕು ಅಂತ ಯಜಮಾನರ ಮುಂದೆಯೇ ಕಾಗದದಲ್ಲಿ ಬರೆದು ಕೊಡಲು ಶುರು ಮಾಡಿದ್ದೇನೆ. ಎರಡು ಕೋಟ್ ಬಳಿಯಲು ಇಷ್ಟು ಚದರಡಿಗೆ ಇಷ್ಟು ಲೀಟರ್ ಅಂತ. ಒಬ್ಬ ಪೇಂಟರ್ ಆಗಲೇ ಎದುರಂಗಡಿಗೆ ಹೋದ. ಬಿಲ್ಲಿನ ವಿಷಯದಲ್ಲಿ ಇನ್ನೂ ಧೈರ್ಯ ಬಂದಿಲ್ಲ, ಅಂಗಡಿ ಬಾಡಿಗೆ, ಬ್ಯಾಂಕ್ ಕಂತು ಎಲ್ಲ ಅದರ ಮೇಲಿದೆ. ವ್ಯಾಪಾರ ಮಾಡುವ ಕ್ರೈಸ್ತರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಬರೆಯಿರಿ.

ನೈಟ್ ಡ್ಯೂಟಿ ಭದ್ರಾವತಿ

ಔರಾದ್ ಅಣ್ಣಾ, ನನ್ನ ತಂಗಿ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ನಮ್ಮದೂ ನಿಮ್ಮ ಹಾಗೆಯೇ. ಪ್ರವರ್ಗ 1 ಮಾಡಿಸಲಾ ಬೇಡವಾ ಅಂತ ಮನೆಯಲ್ಲಿ ದಿನಾ ಜಗಳ. ಅಪ್ಪ ಬೇಡ ಅಂತಾರೆ, ಅವಳು ಬೇಕು ಅಂತಾಳೆ. ನಿಮ್ಮ ಮಗಳು ಹಟ ಹಿಡಿದಳು ಅಂದಿರಲ್ಲ, ಅವಳ ಜೊತೆ ನನ್ನ ತಂಗಿ ಒಮ್ಮೆ ಮಾತಾಡಬಹುದಾ?

ಔರಾದ್‌ನ ಮೊಮ್ಮಗ

ಯಾಕಾಗಬಾರದು ತಂಗಿ. ನಂಬರ್ ಇಲ್ಲಿ ಹಾಕಬೇಡ, ನನಗೆ ಖಾಸಗಿಯಾಗಿ ಕಳಿಸು. ಆದರೆ ಅಪ್ಪನ ಮಾತನ್ನೂ ಕೇಳಿರಿ, ಅವರು ಹೆದರುವುದಕ್ಕೆ ಕಾರಣ ಇರುತ್ತದೆ. ನನ್ನ ತಮ್ಮನನ್ನೂ ಫೋನಿಗೆ ಕೂರಿಸುತ್ತೇನೆ.